ಮನೆಯ ಮೂಕಪ್ರಾಣಿಗಳ ಅಜೀರ್ಣ

ಮನೆಯಲ್ಲಿ ಮಗುವಿಗೆ ಹೊಟ್ಟೆ ಕೆಟ್ಟರೆ ಅದು ಅಳುವುದು. ಹಿರಿಯರಿಗೆ ಕೆಟ್ಟರೆ ಮನೆಮಂದಿಯನ್ನೆಲ್ಲ ಎಬ್ಬಿಸುವರು. ನಾಯಿಗೆ ಹೊಟ್ಟೆ ಕೆಟ್ಟರೆ ಅದು ಸುಮ್ಮನೆ ಎದ್ದು ಹೋಗಿ ಹಿತ್ತಿಲಿನ ಬಾಳೆಯ ಬುಡದಲ್ಲಿ ಮಲಗುವುದು. ಬೆಕ್ಕಾದರೆ ಮಂಚದ ಕೆಳಗಿನ ಕತ್ತಲೆಯ ಮೂಲೆಯನ್ನು ಸೇರುವುದು. ನೋವನ್ನು ತೋರಿಸಿಕೊಳ್ಳುವುದಕ್ಕಿಂತ ಮರೆಮಾಡುವುದೇ ಈ ಪ್ರಾಣಿಗಳ ಸ್ವಭಾವ. ಆದಕಾರಣ ಇವುಗಳ ಪರವಾಗಿ ಮಾತನಾಡತಕ್ಕವರು ಮನೆಯವರೇ. ಮನೆಯವರಾದರೋ ತಮಗೆ ತಿಳಿದಷ್ಟನ್ನೇ ಆಡಬಲ್ಲರು. ನಮಗೆ ತಿಳಿಯದೆ ಇದ್ದುದರಿಂದ ನಮ್ಮ ಮನೆಯಲ್ಲಿ ಒಂದು ಜೀವ ಹೋಯಿತು. ಆಮೇಲೆ ತಿಳಿದುಕೊಂಡುದರಿಂದ ಬೇರೆ ಜೀವಗಳು ಉಳಿದವು. ಈ ಸಂಗತಿಯನ್ನು ವಾಚಕರ ಮುಂದಿಡಬೇಕೆಂದು ಬಹುದಿನಗಳಿಂದ ಇದ್ದ ಯೋಚನೆಯು ಕಳೆದ ತಿಂಗಳಿನ ಒಂದು ಪ್ರಸಂಗದಿಂದ ಈಗ ಕೈಗೂಡುತ್ತಿದೆ.

ರಾತ್ರಿ ಹತ್ತು ಗಂಟೆಯ ಸಮಯ. ಎದುರುಮನೆಯ ಸೊಸೆಯು ಹಳೆಯ ಟವಲಿನಲ್ಲಿ ಒಂದು ನಾಯಿಮರಿಯನ್ನು ಸುತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಳು. "ಮೇಷ್ಟ್ರೇ, ಬೆಳಿಗ್ಗೆಯಿಂದ ನಾಲ್ಕು ಸಲ ವಾಂತಿ ಮಾಡಿಕೊಂಡಿದೆ. ಒಂದಿಷ್ಟು ಓಮದ ನೀರು ಕುಡಿಸಿ, ರಾತ್ರಿ ಉಪವಾಸ ಕೆಡವಿದರೆ ಸರಿಹೋದೀತೆ?" ಎಂದು ಕೇಳಿದಳು. ಆ ಮಾತು ನಮಗೆ ಹೊಸದಾಗಿರಲಿಲ್ಲ. 2009ನೆಯ ಇಸವಿಯಲ್ಲಿ ಅದೇ ಮಾತನ್ನು ಇದೇ ಬಾಗಿಲಿನ ಒಳಗೆ ನಾವೇ ಆಡಿದ್ದೆವು.

ಆ ವರ್ಷ ನಮ್ಮ ಮಗನು ಸ್ನೇಹಿತನ ಮನೆಯಿಂದ ಕಪ್ಪು ಬಣ್ಣದ ಗಂಡುಮರಿಯೊಂದನ್ನು ತಂದಿದ್ದನು. ಕರಿಯ ಎಂದು ಹೆಸರಾಯಿತು. ಎರಡೂವರೆ ತಿಂಗಳ ಮರಿ; ನಾವು ಬಿಟ್ಟ ಚಪ್ಪಲಿಯೊಳಗೆ ಮೂತಿಯಿಟ್ಟು ನಿದ್ದೆಹೋಗುತ್ತಿತ್ತು. ಲಸಿಕೆ ಹಾಕಿಸಬೇಕೆಂದು ಮಗನು ಎರಡು ಬಾರಿ ನೆನಪುಮಾಡಿದನು. "ಬೀದಿಗೇ ಇಳಿಯದ ಮರಿಗೆ ಲಸಿಕೆ ಯಾಕಪ್ಪಾ? ಸಂಬಳ ಬಂದ ಮೇಲೆ ನೋಡೋಣ" ಎಂದವರು ನಾವು. ಒಂದು ಭಾನುವಾರ ಮರಿಯು ತಟ್ಟೆಯನ್ನು ಮೂಸಿ ಹಿಂದಕ್ಕೆ ಸರಿಯಿತು. ಸಂಜೆಗೆ ನೊರೆನೊರೆಯಾಗಿ ವಾಂತಿಮಾಡಿತು. ಎಪ್ಪತ್ತರ ಹತ್ತಿರವಿದ್ದ ನಮ್ಮ ತಾಯಿಯವರು, "ಮಗು, ಅಜೀರ್ಣ ಅಷ್ಟೆ. ಲಂಘನಂ ಪರಮೌಷಧಂ. ಒಂದು ದಿನ ಹೊಟ್ಟೆ ಬರಿದಾಗಿದ್ದರೆ ತಾನೇ ಸರಿಹೋಗುತ್ತದೆ" ಎಂದರು. ಅವರು ಹಾಗೆಯೇ ನಮ್ಮನ್ನೂ ನಮ್ಮ ಮಕ್ಕಳನ್ನೂ ಎಷ್ಟೋ ಬಾರಿ ಗುಣಪಡಿಸಿದ್ದರು. ಅವರ ಮಾತನ್ನು ಸಂಶಯಿಸಲು ಕಾರಣವಿರಲಿಲ್ಲ. ಮಕ್ಕಳಿಗೆ ಹಾಲು ಹಾಕುತ್ತಿದ್ದ ಬೆಳ್ಳಿಯ ಒಳಲೆಯನ್ನು ಹುಡುಕಿ ತೆಗೆದು, ಮರಿಯ ಬಾಯನ್ನು ಬಲವಂತದಿಂದ ತೆರೆದು ಓಮದ ನೀರನ್ನೂ ಇಂಗು ಕದಡಿದ ಮಜ್ಜಿಗೆಯನ್ನೂ ಹೊಯ್ದೆವು. ಹೊಯ್ದುದೆಲ್ಲವೂ ಹೊರಕ್ಕೆ ಬಂದಿತು. ಸೋಮವಾರ ಭೇದಿಯಾಯಿತು. ಮಂಗಳವಾರ ಬೆಳಗಿನ ಜಾವ ಭೇದಿಯಲ್ಲಿ ರಕ್ತವಿತ್ತು. ಅದರ ವಾಸನೆಯು ಮನೆಯನ್ನೆಲ್ಲ ತುಂಬಿತು.

ಅಂದು ಪಶುವೈದ್ಯರಲ್ಲಿಗೆ ಓಡಿದೆವು. ಡಾಕ್ಟರು ಮರಿಯ ಹೆಗಲಿನ ಚರ್ಮವನ್ನು ಚಿವುಟಿ ಮೇಲೆತ್ತಿ ಬಿಟ್ಟರು. ಅದು ಎತ್ತಿದಂತೆಯೇ ನಿಂತಿತು. "ಇದು ಅಜೀರ್ಣವಲ್ಲ ಮೇಷ್ಟ್ರೇ, ಪಾರ್ವೋ. ಮೈಯಲ್ಲಿ ನೀರೇ ಉಳಿದಿಲ್ಲ. ಭಾನುವಾರವೇ ತಂದಿದ್ದರೆ ನಮ್ಮ ಕೈಯಲ್ಲಿ ಏನಾದರೂ ಇರುತ್ತಿತ್ತು" ಎಂದರು. ಕಾಲಿಗೆ ಸೂಜಿ ಹಾಕಿ ಗ್ಲೂಕೋಸು ಮತ್ತು ಲವಣದ ನೀರನ್ನು ಏರಿಸಿದರು. ಆ ರಾತ್ರಿಯೇ ಕರಿಯನು ಸತ್ತನು. ಹಿತ್ತಿಲಿನಲ್ಲಿ ಗುಂಡಿ ತೋಡಿದ ಮಗನು ನಮಗೆ ಒಂದು ಮಾತನ್ನೂ ಆಡಲಿಲ್ಲ. ಆತನು ಏನಾದರೂ ಅಂದಿದ್ದರೆ ನಮಗೆ ಹಗುರವಾಗುತ್ತಿತ್ತು.

ಆ ರೋಗದ ವಿಚಾರವನ್ನು ನಾವು ಆಮೇಲೆ ಕೇಳಿ ತಿಳಿದುಕೊಂಡೆವು. ಪಾರ್ವೋ ಎಂಬುದು ಒಂದು ವೈರಸ್ಸಿನಿಂದ ಬರುವ ವ್ಯಾಧಿ. ನಾಯಿಗಳಲ್ಲಿ ಇದು 1978ರಲ್ಲಿ ಗುರುತಿಸಲ್ಪಟ್ಟು, ಎರಡು ವರ್ಷಗಳೊಳಗಾಗಿ ಲೋಕವನ್ನೆಲ್ಲ ವ್ಯಾಪಿಸಿತು. ಕರುಳಿನ ಒಳಪದರದ ಕಣಗಳು ಬೇಗಬೇಗನೆ ಸವೆದು ಬೇಗಬೇಗನೆ ಹೊಸದಾಗತಕ್ಕವು. ಹೀಗೆ ಹೊಸದಾಗುವ ಕಣಗಳನ್ನೇ ಈ ವೈರಸ್ಸು ಹಿಡಿದು ನಾಶಮಾಡುವುದು. ಪದರವು ಕಿತ್ತುಹೋದ ಕರುಳಿನಿಂದ ನೀರೂ ರಕ್ತವೂ ಸೋರುವುವು. ಕರುಳಿನಲ್ಲಿದ್ದ ಕ್ರಿಮಿಗಳು ರಕ್ತಕ್ಕೆ ಇಳಿಯುವುವು. ಈ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುವುದು. ನಮ್ಮ ಚಪ್ಪಲಿಗೆ ಅಂಟಿಕೊಂಡು ಮನೆಯೊಳಗೆ ಬರುವುದು. ಮರಿ ಬೀದಿಗೆ ಹೋಗಬೇಕಾಗಿಲ್ಲ. ಬೀದಿಯೇ ಮರಿಯ ಬಳಿಗೆ ಬರುವುದು. ಕರಿಯನು ನಿದ್ದೆಮಾಡುತ್ತಿದ್ದುದು ಎಲ್ಲೆಂಬುದನ್ನು ಮೇಲೆ ಹೇಳಿದ್ದೇವೆ. ಲಸಿಕೆಯನ್ನು ಆರರಿಂದ ಎಂಟನೆಯ ವಾರದಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ ಹಾಕಿಸುತ್ತ, ಹದಿನಾರನೆಯ ವಾರದವರೆಗೂ ಮುಂದುವರಿಸತಕ್ಕದ್ದು. ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆಯು ಇರುವವರೆಗೆ ಲಸಿಕೆಯು ಮೈಗೆ ಹತ್ತುವುದಿಲ್ಲ. ಆ ರಕ್ಷಣೆಯು ಯಾವ ದಿನ ಮುಗಿಯುವುದೆಂಬುದು ಮರಿಯಿಂದ ಮರಿಗೆ ಬೇರೆ. ಒಂದೇ ಬಾರಿ ಹಾಕಿಸಿ ನಿಶ್ಚಿಂತರಾಗಬಾರದೆಂಬುದಕ್ಕೆ ಇದೇ ಕಾರಣ.

ಆಮೇಲೆ ಆರು ವರ್ಷ ನಮ್ಮ ಮನೆಯಲ್ಲಿ ಯಾರೂ ನಾಯಿಯ ಮಾತೆತ್ತಲಿಲ್ಲ. 2015ರಲ್ಲಿ ಮಗಳ ಹಟದಿಂದ ಕೆಂಚನು ಬಂದನು. ಲಸಿಕೆಗಳೆಲ್ಲವೂ ಕ್ರಮವಾಗಿ ಆದವು. ಅವನಿಗೆ ಕಂಟಕವು ಬಂದುದು ರೋಗದಿಂದಲ್ಲ, ನಮ್ಮ ಪ್ರೀತಿಯಿಂದ.

2019ರ ಯುಗಾದಿ. ನಮ್ಮದು ಮೈಸೂರು, ಹಬ್ಬದ ದಿನ ಒಬ್ಬಟ್ಟು, ಮಾರನೆಯ ದಿನ ಮಾಂಸಾಹಾರಿಗಳ ಮನೆಗಳಲ್ಲಿ ಹೊಸತೊಡಕು. ಮೂರನೆಯ ದಿನ ಬೆಳಿಗ್ಗೆ ಕೆಂಚನು ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಹಿಂಭಾಗವನ್ನು ಮೇಲಕ್ಕೆತ್ತಿ, ನಮಸ್ಕಾರ ಮಾಡುವವನಂತೆ ನಿಂತನು, ಮಗಳು ನಕ್ಕಳು. ಅದು ಆಟವಲ್ಲ, ಹೊಟ್ಟೆನೋವಿನ ಭಂಗಿಯೆಂಬುದು ಆಗ ನಮಗೆ ತಿಳಿಯದು. ಸ್ವಲ್ಪ ಹೊತ್ತಿಗೆ ವಾಂತಿಯಾಯಿತು. ಮತ್ತೆ ಮತ್ತೆ ಆಯಿತು. ನಾವು ತಾಯಿಯವರ ಮುಖವನ್ನು ನೋಡಿದೆವು. ಅವರು ದೇವರ ಮನೆಯಿಂದ ಎದ್ದು ಬಂದು, "ಈ ಸಲ ಲಂಘನವೂ ಬೇಡ, ಮಜ್ಜಿಗೆಯೂ ಬೇಡ. ಈಗಲೇ ಕರೆದುಕೊಂಡು ಹೋಗು. ನಾನೂ ಬರುತ್ತೇನೆ" ಎಂದರು. ಹತ್ತು ವರ್ಷಗಳ ಕಾಲ ಅವರು ಆ ಮರಿಯನ್ನು ಕುರಿತು ಬಾಯಿಬಿಟ್ಟು ಏನನ್ನೂ ಆಡಿರಲಿಲ್ಲ. ಮರೆತಿರಲಿಲ್ಲವೆಂಬುದು ಅಂದು ತಿಳಿಯಿತು.

ಡಾಕ್ಟರು ಮೊದಲು ಕೇಳಿದ ಪ್ರಶ್ನೆ: "ಏನು ತಿಂದಿದೆ?" ನಾವು ಗಂಭೀರವಾಗಿ, "ಎಂದಿನಂತೆ ಅನ್ನ, ಮೊಸರು" ಎಂದೆವು. ಅವರು ಎಲ್ಲರ ಮುಖಗಳನ್ನೂ ಒಂದು ಸುತ್ತು ನೋಡಿ, "ಹಬ್ಬವಾಯಿತಲ್ಲವೇ?" ಎಂದರು. ಮೊದಲು ನಮ್ಮ ಗೃಹಿಣಿಯು ತಾನು ಒಂದೇ ಒಂದು ಒಬ್ಬಟ್ಟನ್ನು ಹಾಕಿದೆನೆಂದು ಒಪ್ಪಿಕೊಂಡಳು. ಮಗಳು ಎರಡನ್ನು ಹಾಕಿದ್ದಳು. ಎಲ್ಲರಿಗಿಂತ ಮೊದಲು, ಬೇವುಬೆಲ್ಲದ ಹೊತ್ತಿಗೇ, ನಾವೂ ಒಂದನ್ನು ಎಸೆದಿದ್ದೆವು. ಕೊನೆಗೆ ತಾಯಿಯವರು ಸೆರಗಿನ ತುದಿಯನ್ನು ನೋಡುತ್ತ, "ನಾನು ಮೂರು, ತುಪ್ಪ ಹಾಕಿಯೇ ಕೊಟ್ಟೆ" ಎಂದರು. ಒಟ್ಟು ಏಳು. ಇದಲ್ಲದೆ ಪಕ್ಕದ ಮನೆಯವರು ಮಾರನೆಯ ದಿನ ಕಾಂಪೌಂಡಿನ ಮೇಲಿನಿಂದ ಕೊಬ್ಬಿನ ಮಾಂಸವನ್ನೂ ಮೂಳೆಗಳನ್ನೂ ಹಾಕಿದ್ದರೆಂದು ಸಂಜೆಗೆ ಗೊತ್ತಾಯಿತು. ಪ್ರತಿಯೊಬ್ಬರೂ "ಒಂದಲ್ಲವೇ" ಎಂದುಕೊಂಡಿದ್ದರು. ಆ ಒಂದುಗಳನ್ನೆಲ್ಲ ಕೂಡಿಸಿದವನು ಕೆಂಚನೊಬ್ಬನೇ.

ನಾಯಿಯ ಹೊಟ್ಟೆಯಲ್ಲಿ ತುಪ್ಪ ದಕ್ಕದೆಂಬ ಗಾದೆಯನ್ನು ನಾವು ಗುಟ್ಟು ಉಳಿಸಿಕೊಳ್ಳಲಾರದವರಿಗೆ ಪ್ರಯೋಗಿಸುತ್ತೇವೆ. ಅದು ವೈದ್ಯಶಾಸ್ತ್ರಕ್ಕೂ ಸಲ್ಲುವ ಮಾತೆಂದು ಅಂದು ಕಲಿತೆವು. ಜಿಡ್ಡು ಒಮ್ಮೆಲೇ ಅತಿಯಾದರೆ ಕೆಲವು ನಾಯಿಗಳಲ್ಲಿ ಮೇದೋಜೀರಕ ಗ್ರಂಥಿಯು ಊದಿಕೊಂಡು, ಆಹಾರವನ್ನು ಕರಗಿಸಬೇಕಾದ ರಸಗಳು ಆ ಗ್ರಂಥಿಯನ್ನೇ ಸುಡತೊಡಗುವುವು. ರಕ್ತಪರೀಕ್ಷೆಯಿಂದ ಕೆಂಚನಿಗೂ ಅದೇ ಆಗಿದೆಯೆಂದು ತಿಳಿಯಿತು. ಮೂರು ದಿನ ನರಕ್ಕೆ ನೀರು ಏರಿಸಿದರು. ನೋವಿಗೂ ವಾಂತಿಗೂ ಔಷಧ ಕೊಟ್ಟರು. ಆಮೇಲೆ ಮೆತ್ತಗೆ ಬೇಯಿಸಿದ ಅನ್ನವನ್ನೂ ಚರ್ಮ ಕೊಬ್ಬು ತೆಗೆದು ಬೇಯಿಸಿದ ಕೋಳಿಮಾಂಸವನ್ನೂ ಉಪ್ಪುಖಾರವಿಲ್ಲದೆ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಬಾರಿ ಕೊಡಬೇಕೆಂದರು. ನಮ್ಮದು ಮಾಂಸ ಬೇಯಿಸದ ಮನೆ. ಮೂಳೆ ಹಾಕಿದ್ದ ಪಕ್ಕದ ಮನೆಯಾಕೆಯೇ ಕಣ್ಣೀರಿಡುತ್ತ ಬಂದು, ಹತ್ತು ದಿನ ಬೇಯಿಸಿಕೊಟ್ಟರು.

ಬಿಡುಗಡೆಯ ದಿನ ತಾಯಿಯವರು ಡಾಕ್ಟರನ್ನು ಕೇಳಿದರು: "ಹಾಗಾದರೆ ನಮ್ಮ ಹಿರಿಯರ ಲಂಘನವು ಸುಳ್ಳೇ ಸ್ವಾಮಿ?" ಅವರು ಕೊಟ್ಟ ಉತ್ತರವು ಈ ಲೇಖನದ ತಿರುಳು. "ಸುಳ್ಳಲ್ಲಮ್ಮ. ಬೆಳೆದ, ಬಲವಾದ ನಾಯಿ ಹುಲ್ಲುಗಿಲ್ಲು ತಿಂದು ಒಂದು ಸಲ ಕಾರಿಕೊಂಡು ಲವಲವಿಕೆಯಿಂದ ಓಡಾಡುತ್ತಿದ್ದರೆ, ಒಂದು ಹೊತ್ತು ಊಟ ತಪ್ಪಿದರೆ ಕೇಡಿಲ್ಲ. ನೀರು ಮಾತ್ರ ತಪ್ಪಬಾರದು. ಆದರೆ ಮರಿಗೆ ಉಪವಾಸವು ವಿಷ. ಅದರ ಮೈಯಲ್ಲಿ ಕೂಡಿಟ್ಟ ಸಕ್ಕರೆಯೂ ಇಲ್ಲ, ನೀರೂ ಇಲ್ಲ. ಬೆಕ್ಕು ಎರಡು ಮೂರು ದಿನ ಉಣ್ಣದಿದ್ದರೆ ಅದರ ಪಿತ್ತಜನಕಾಂಗಕ್ಕೇ ಕೊಬ್ಬು ಕಟ್ಟಿ ಅದರಿಂದಲೇ ಸಾಯಬಹುದು. ಔಷಧ ಒಳ್ಳೆಯದೇ, ಯಾರಿಗೆ ಎಂಬುದನ್ನು ನೋಡಬೇಕು." ತಾಯಿಯವರು ಕೈಮುಗಿದರು. ತಮ್ಮ ಮಾತು ಪೂರ್ತಿ ಹುಸಿಯಾಗಿರಲಿಲ್ಲವೆಂಬ ಸಮಾಧಾನವೂ, ತಪ್ಪಿದ ಜಾಗವು ಯಾವುದೆಂದು ತಿಳಿದ ದುಃಖವೂ ಅವರ ಮುಖದಲ್ಲಿ ಕೂಡಿಯೇ ಇದ್ದವು.

ಬೆಕ್ಕಿನ ಮಾತು ಬಂದುದರಿಂದ ನಮ್ಮ ಬೆಳ್ಳಿಯ ವೃತ್ತಾಂತವನ್ನೂ ಹೇಳಬೇಕು. ಬಾಳೆನಾರಿನಲ್ಲಿ ಹೂ ಕಟ್ಟುತ್ತಿದ್ದ ಕಾಲ ನಮ್ಮ ಮನೆಯಲ್ಲಿ ಮುಗಿದು, ಈಗ ನೂಲುದಾರದಲ್ಲಿಯೇ ಕಟ್ಟುವುದು. 2022ರಲ್ಲಿ ಒಂದು ಶುಕ್ರವಾರ ಬಾಡಿದ ಮಲ್ಲಿಗೆಯ ದಂಡೆಯೊಡನೆ ಆಡುತ್ತ ಬೆಳ್ಳಿಯು ದಾರವನ್ನು ನುಂಗಿತು. ಎರಡು ದಿನ ವಾಂತಿ, ಕೂದಲುಂಡೆಯಿರಬೇಕೆಂದುಕೊಂಡೆವು. ಮೂರನೆಯ ದಿನ ಅದರ ಗುದದಲ್ಲಿ ದಾರದ ತುದಿಯು ಕಾಣಿಸಿತು. ಎಳೆದುಬಿಡೋಣವೆಂದು ನಾವು ಕೈಯಿಟ್ಟಾಗ ಮಗಳು ತಡೆದಳು. ಆಕೆ ತಡೆದುದರಿಂದ ಬೆಕ್ಕು ಬದುಕಿತು. ದಾರದ ಒಂದು ಭಾಗವು ನಾಲಗೆಯ ಬುಡಕ್ಕೆ ಸುತ್ತಿಕೊಂಡಿದ್ದಿತು. ಎಳೆದಿದ್ದರೆ ಅದು ಗರಗಸದಂತೆ ಕರುಳನ್ನು ಕೊಯ್ದುಬಿಡುತ್ತಿತ್ತು. ಶಸ್ತ್ರಚಿಕಿತ್ಸೆಯಾಯಿತು, ಆರನೆಯ ದಿನ ಬೆಳ್ಳಿ ಮನೆಗೆ ಬಂದಿತು. ಅಂದಿನಿಂದ ಬಾಡಿದ ಹೂವು ಮುಚ್ಚಳವಿರುವ ಡಬ್ಬಿಗೆ ಹೋಗುವುದು.

ಈಗ ಗೃಹಸ್ಥರು ಮನಸ್ಸಿನಲ್ಲಿಡತಕ್ಕ ಕೆಲವು ಸಂಗತಿಗಳನ್ನು ಒಂದೆಡೆ ಹೇಳುವೆವು.

ಮೊದಲನೆಯದು, ನೀರಿನ ಪರೀಕ್ಷೆ. ಹೆಗಲಿನ ಮೇಲಣ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟರೆ ಕೂಡಲೇ ಸ್ವಸ್ಥಾನಕ್ಕೆ ಬರಬೇಕು. ವಸಡು ಒದ್ದೆಯಾಗಿಯೂ ನಸುಗೆಂಪಾಗಿಯೂ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡುಗಳೊಳಗೆ ಬಣ್ಣ ಮರಳಬೇಕು. ಆರೋಗ್ಯವಾಗಿರುವಾಗಲೇ ಒಮ್ಮೆ ನೋಡಿಟ್ಟುಕೊಂಡರೆ ವ್ಯತ್ಯಾಸವು ತಿಳಿಯುವುದು. ನಾಯಿಯ ಮೈಶಾಖವು ಸಹಜವಾಗಿಯೇ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದರಿಂದ ಬರಿಯ ಕೈಯಿಂದ ಮುಟ್ಟಿ ಜ್ವರವನ್ನು ನಿರ್ಣಯಿಸಬಾರದು. ನೀರನ್ನು ಮುಂದಿಟ್ಟು, ಸ್ವಲ್ಪ ಸ್ವಲ್ಪವಾಗಿ ತಾನೇ ನೆಕ್ಕಲು ಬಿಡಬೇಕು. ನಾವು ಒಳಲೆಯಿಂದ ಮಾಡಿದಂತೆ ಬಲವಂತವಾಗಿ ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಎರಡನೆಯದು, ಕೊಡಬಾರದ ವಸ್ತುಗಳು. ಈರುಳ್ಳಿ ಬೆಳ್ಳುಳ್ಳಿಗಳು ಹಸಿಯಾಗಿರಲಿ ಬೆಂದಿರಲಿ, ನಾಯಿಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುವುವು. ಹೊಟ್ಟೆಗೆ ಒಳ್ಳೆಯದೆಂದು ಬೆಳ್ಳುಳ್ಳಿ ಕಷಾಯವನ್ನು ಕೊಡುವ ಪದ್ಧತಿಯನ್ನು ಬಿಡಬೇಕು. ದ್ರಾಕ್ಷಿಯೂ ಒಣದ್ರಾಕ್ಷಿಯೂ ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಅದಕ್ಕೆ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು 2021ರಿಂದೀಚೆಗೆ ಪಶುವೈದ್ಯರು ಹೇಳುತ್ತಿದ್ದಾರೆ. ಅದೇ ಆಮ್ಲವು ನಮ್ಮ ಹುಣಿಸೆಹಣ್ಣಿನಲ್ಲಿಯೂ ಹೇರಳವಾಗಿರುವುದರಿಂದ ಮಿಕ್ಕ ಸಾರು, ಹುಳಿಗಳನ್ನು ನಾಯಿಗೆ ಸುರಿಯದಿರುವುದೇ ಲೇಸು. ಚಾಕೊಲೇಟು, ಸಕ್ಕರೆಗೆ ಬದಲಾಗಿ ಕ್ಸೈಲಿಟಾಲ್ ಹಾಕಿದ ತಿಂಡಿ, ಬೇಯಿಸಿದ ಮೂಳೆ ಇವೂ ಬೇಡ. ಕಥೆಗಳ ಬೆಕ್ಕು ಹಾಲು ಕುಡಿಯುವುದಾದರೂ, ಬೆಳೆದ ಬೆಕ್ಕುಗಳಲ್ಲಿ ಅನೇಕವಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುವುದು. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಮಾತ್ರೆಗಳನ್ನು ಅವಕ್ಕೆ ಕೊಡಲಾಗದು. ಪ್ಯಾರಸಿಟಮಾಲಿನ ಒಂದೇ ಮಾತ್ರೆಯು ಬೆಕ್ಕನ್ನು ಕೊಲ್ಲಬಲ್ಲುದು. ಐಬುಪ್ರೊಫೇನ್ ನಾಯಿಯ ಜಠರದಲ್ಲಿ ಹುಣ್ಣು ಮಾಡುವುದು. ವಿಷ ತಿಂದಿದೆಯೆಂದು ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಇನ್ನೊಂದು ವಿಷವನ್ನು ಹಾಕಿದಂತೆ.

ಮೂರನೆಯದು, ಕಾಯಬಾರದ ಸಮಯಗಳು. ಮರಿಗಾಗಲಿ ಮುದಿಪ್ರಾಣಿಗಾಗಲಿ ವಾಂತಿಭೇದಿ ಮರುಕಳಿಸಿದರೆ, ಕುಡಿದ ನೀರೂ ನಿಲ್ಲದಿದ್ದರೆ, ರಕ್ತವಾಗಲಿ ಡಾಂಬರಿನಂತಹ ಕಪ್ಪು ಮಲವಾಗಲಿ ಕಂಡರೆ, ಮಂಕಾಗಿ ಮಲಗಿದರೆ, ಆಗಲೇ ಹೊರಡಬೇಕು. ನಮ್ಮ ಮುಧೋಳದ ಬೇಟೆನಾಯಿಯಂತೆ ಎದೆ ಆಳವಾಗಿರುವ ದೊಡ್ಡ ನಾಯಿಯ ಹೊಟ್ಟೆ ಉಬ್ಬಿ, ಓಕರಿಸಿದರೂ ಏನೂ ಬಾರದಿದ್ದರೆ ಜಠರವು ತಿರುಚಿಕೊಂಡಿರಬಹುದು. ಅಲ್ಲಿ ಕೆಲವು ಗಂಟೆಗಳಲ್ಲಿಯೇ ಪ್ರಾಣದ ನಿರ್ಣಯವಾಗುವುದು. ಗಂಡುಬೆಕ್ಕು ಮತ್ತೆ ಮತ್ತೆ ಕುಳಿತು ಮುಕ್ಕಿರಿಯುತ್ತಿದ್ದರೆ ಮಲಬದ್ಧತೆಯೆಂದು ಹರಳೆಣ್ಣೆ ಹಾಕುವವರುಂಟು. ಅದು ಮೂತ್ರದ ದಾರಿ ಕಟ್ಟಿದ ಲಕ್ಷಣವಾಗಿರಬಹುದು, ತಡಮಾಡಲಾಗದು. ಹೋಗುವಾಗ ಏನು ತಿಂದಿತು, ಎಷ್ಟು ಬಾರಿ ಹೋಯಿತು ಎಂಬುದನ್ನು ಬರೆದುಕೊಂಡು ಹೋಗಬೇಕು. ಡಾಕ್ಟರ ಮುಂದೆ ಸಂಕೋಚಪಡದೆ ಒಬ್ಬಟ್ಟಿನ ಲೆಕ್ಕವನ್ನು ಒಪ್ಪಿಸಬೇಕು. ಕೊಳೆಯನ್ನು ತೆಗೆದವರು ಸೋಪಿನಿಂದ ಕೈ ತೊಳೆಯಬೇಕೆಂಬುದನ್ನೂ ಮರೆಯಬಾರದು. ಕೆಲವು ಕರುಳಿನ ರೋಗಗಳು ನಮಗೂ ಹರಡತಕ್ಕವು.

ಕಳೆದ ತಿಂಗಳ ರಾತ್ರಿಗೆ ಹಿಂದಿರುಗೋಣ. ನಾವು ಮರಿಯ ವಸಡನ್ನು ಒತ್ತಿ ನೋಡಿದೆವು. ಬಣ್ಣವು ತಡವಾಗಿ ಮರಳಿತು. "ತಾಯಿ, ಓಮದ ನೀರು ಬೇಡ. ಆಟೋ ತರಿಸುತ್ತೇವೆ, ಹೊರಡು" ಎಂದೆವು. ರಾತ್ರಿಯೂ ತೆರೆದಿರುವ ಚಿಕಿತ್ಸಾಲಯವು ಯಾವುದೆಂಬುದು ನಮ್ಮ ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿರುವುದು. ವಾಚಕರೂ ಬರೆದಿಡುವುದು ಉತ್ತಮ. ಪರೀಕ್ಷೆಯಲ್ಲಿ ಪಾರ್ವೋ ಎಂದೇ ಬಂದಿತು. ಆದರೆ ಅದು ಮೊದಲನೆಯ ದಿನ. ಐದು ದಿನ ನೀರು ಏರಿಸಿದರು. ಆರನೆಯ ದಿನ ಮರಿಯು ಎದುರುಮನೆಯ ಜಗಲಿಯ ಮೇಲೆ, ಕಾಲು ನಡುಗುತ್ತಿದ್ದರೂ, ನಿಂತುಕೊಂಡಿತು. ಆ ಮನೆಯವರು ಅಂಗಳವನ್ನೂ ಜಗಲಿಯನ್ನೂ ಬ್ಲೀಚಿಂಗ್ ದ್ರಾವಣದಿಂದ ತೊಳೆದರು. ಆ ಬೀದಿಯ ಉಳಿದ ಮರಿಗಳಿಗೆಲ್ಲ ಅದೇ ವಾರ ಲಸಿಕೆಯಾಯಿತು.

ಆ ಮೊದಲ ರಾತ್ರಿ ನಾವು ಮನೆಗೆ ಬರುವಾಗ ಒಂದು ಗಂಟೆ ಮೀರಿತ್ತು. ಎಂಬತ್ತೈದು ದಾಟಿದ ತಾಯಿಯವರು ನಿದ್ದೆಮಾಡದೆ ನಡುಮನೆಯ ದೀಪ ಹಚ್ಚಿಕೊಂಡು ಕುಳಿತಿದ್ದರು. ರೋಗ ಯಾವುದೆಂದು ಕೇಳಲಿಲ್ಲ, ಖರ್ಚು ಎಷ್ಟಾಯಿತೆಂದು ಕೇಳಲಿಲ್ಲ. "ಮರಿ ಚಿಕ್ಕದಲ್ಲವೇ ಮಗು, ಮೈಯಲ್ಲಿ ನೀರು ಉಳಿದಿತ್ತೇ?" ಎಂದರು. ಉಳಿದಿತ್ತೆಂದು ಹೇಳಿದೆವು. ಅವರು ದೀಪ ಆರಿಸಿ ಮಲಗಲು ಹೋದರು.